ಬಟ್ಟೆಯ ಮನೆ, ಕೆರೆಯ ದಂಡೆ

ಮನೆಯನ್ನೇ ಮೋಟಾರಿನ ಮೇಲೆ ಕಟ್ಟಿಕೊಂಡು, ಅಡಿಗೆ ಹಾಸಿಗೆಗಳ ಸಮೇತ ಹೊರಟು, ಸಂಜೆಗೆ ಯಾವುದಾದರೊಂದು ಕೆರೆಯ ದಂಡೆಯಲ್ಲಿ ಜೊತೆಗಾರರೊಡನೆ ತಂಗುವ ಪ್ರವಾಸವು ಈಗಿನ ಕಾಲದ ಷೋಕಿಯೆಂದು ಅನೇಕರ ತಿಳಿವಳಿಕೆ. ಶಹಾಪುರ-ಸುರಪುರ ಸೀಮೆಗಂತೂ ಇದು ಹೊಸತಲ್ಲ. ಶಿರವಾಳದ ಹಾಳುಗುಡಿಗಳ ನಡುವೆ ನಿಂತವನಿಗೆ, ಈ ನೆಲವನ್ನು ಆಳಿದವರೆಲ್ಲ ಕಲ್ಲಿನಲ್ಲಿಯೇ ಬಾಳಿದರೆಂಬ ಭ್ರಮೆ ಹುಟ್ಟುವುದು ಸಹಜ. ಆದರೆ ನಂತರದ ಶತಮಾನಗಳಲ್ಲಿ ಇಲ್ಲಿಯ ಅಧಿಕಾರವು ಬಹುಮಟ್ಟಿಗೆ ಬಟ್ಟೆಯ ಮನೆಯಲ್ಲಿ ಕುಳಿತು ಊರಿಂದೂರಿಗೆ ಓಡಾಡುತ್ತಿತ್ತು.

ಅಂಥ ಮನೆಗಳಲ್ಲಿ ಅತಿ ದೊಡ್ಡದು ಔರಂಗಜೇಬನದು. 1695ರಲ್ಲಿ ಕೃಷ್ಣಾತೀರದ ಗಲಗಲಿಯಲ್ಲಿ ಅವನ ಶಿಬಿರವನ್ನು ಕಂಡ ಇಟಲಿಯ ಪ್ರವಾಸಿ ಕರೇರಿ, ಅದರ ಸುತ್ತಳತೆಯೇ 30 ಮೈಲಿಯೆಂದು ಬರೆದಿದ್ದಾನೆ. ಬಾದಶಹನಿಗೆ ಎರಡು ಜೊತೆ ಡೇರೆಗಳು. ಒಂದರಲ್ಲಿ ಅವನು ನಿದ್ರಿಸುತ್ತಿರುವಾಗಲೇ ಇನ್ನೊಂದು ಮುಂದಿನ ಮಜಲಿಗೆ ಹೊರಟಿರುತ್ತಿತ್ತು. ಬೆಳಗಾಗೆದ್ದು ಹೊರಟವನಿಗೆ ಮುಂದಿನ ಊರಿನಲ್ಲಿ ಅದೇ ಮನೆ, ಅದೇ ಕನಾತು, ಅದೇ ದಿವಾನಖಾನೆ! ಈ ಚಲಿಸುವ ಪಟ್ಟಣವು 1705ರಲ್ಲಿ ಸುರಪುರದ ನಾಯಕರ ವಾಗಿನಗೇರಿಯ ಕೋಟೆಯ ಮುಂದೆ ಬಂದು ನಿಂತಿತು. ಕೋಟೆಯೇನೋ ಕೈಸೇರಿತು, ಬೇಡ ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಅಲ್ಲಿಂದ ಸಮೀಪದ ದೇವಾಪುರಕ್ಕೆ ಸರಿದ ಮುದುಕ ಬಾದಶಹನು ಕಾಯಿಲೆ ಬಿದ್ದು, ತಿಂಗಳುಗಟ್ಟಲೆ ಡೇರೆಯಲ್ಲಿಯೇ ಮಲಗಿದನು. ಸಾಮ್ರಾಟನು ಸ್ವತಃ ನಡೆಸಿದ ಕಡೆಯ ಮುತ್ತಿಗೆ ಇದೇ. ಇಷ್ಟು ದೊಡ್ಡ ಶಿಬಿರವು ಸುತ್ತಲಿನ ಜೋಳದ ಹೊಲಗಳನ್ನೂ ಮೇವಿನ ಬಣವೆಗಳನ್ನೂ ಏನು ಮಾಡಿರಬಹುದೆಂಬುದನ್ನು ಯಾವ ತವಾರೀಖಿನವನೂ ಸಾವಕಾಶವಾಗಿ ಬರೆಯುವುದಿಲ್ಲ. ನಮ್ಮ ರೈತರು ಊಹಿಸಬಲ್ಲರು.

ಬಾದಶಹನ ಡೇರೆಗಳು ಮಾಯವಾಗಿ ನೂರಮೂವತ್ತು ವರ್ಷಗಳ ಮೇಲೆ ಈ ಸೀಮೆಗೆ ಇನ್ನೊಬ್ಬನ ಡೇರೆ ಬಂದಿತು. ಅವನೇ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದು, ನಿಜಾಮನ ಸೈನ್ಯದಲ್ಲಿ ಸೇರಿದವನು. ಠಗ್ಗನೊಬ್ಬನ ಕಥೆಯನ್ನು 1839ರಲ್ಲಿ ಕಾದಂಬರಿಯಾಗಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರಾದವನು. 1841ರಲ್ಲಿ ಸುರಪುರ ಸಂಸ್ಥಾನದ ಮೇಲ್ವಿಚಾರಣೆಗೆಂದು ನೇಮಕವಾಗಿ 1853ರವರೆಗೆ ಇಲ್ಲಿಯೇ ನಿಂತನು. ಸಂಸ್ಥಾನದಲ್ಲಿ ಅರಸನಿಗೆ ಎಳೆಯ ವಯಸ್ಸು, ರಾಣಿಗೂ ದಾಯಾದಿಗೂ ಜಗಳ, ಬೊಕ್ಕಸ ಬರಿದು. ಇಂಥ ಸಂಸ್ಥಾನವನ್ನು ಕುರ್ಚಿಯಲ್ಲಿ ಕುಳಿತು ನಡೆಸುವುದು ಆಗದ ಮಾತು. ಹೀಗಾಗಿ ಮಳೆಗಾಲ ಕಳೆದು ಎರೆಹೊಲದ ದಾರಿ ಗಟ್ಟಿಯಾಯಿತೆಂದರೆ ಸಾಹೇಬನ ಸಂಚಾರ ಹೊರಡುವುದು.

ಆ ಕಾಲದ ಅಧಿಕಾರಿಗಳ ಸಂಚಾರದ ಒಂದು ದಿನವನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಬಾದಶಹನ ಉಪಾಯವೇ ಇಲ್ಲಿಯೂ, ಗಾತ್ರ ಮಾತ್ರ ಸಣ್ಣದು. ರಾತ್ರಿಯೇ ಒಂದು ಡೇರೆ ಬಂಡಿಯೇರಿ ಮುಂದೆ ಹೋಗುವುದು. ನಸುಕಿನಲ್ಲಿ ಸಾಹೇಬ ಕುದುರೆಯನ್ನೋ ಪಾಲಕಿಯನ್ನೋ ಏರಿ, ಬಿಸಿಲು ಚುರುಕಾಗುವ ಮುನ್ನ ಮೂರು ನಾಲ್ಕು ಹರದಾರಿ ಸಾಗುವನು. ತಂಗಲು ಆರಿಸಿದ ಜಾಗದಲ್ಲಿ ನೀರೂ ನೆರಳೂ ಎರಡೂ ಬೇಕು. ಆದುದರಿಂದ ಕೆರೆಯ ಏರಿಯ ಪಕ್ಕದ ತೋಪೇ ಸಾಮಾನ್ಯವಾದ ತಾಣ. ಖಲಾಸಿಗಳು ಗೂಟ ಬಡಿದು ಹಗ್ಗ ಬಿಗಿಯುವರು, ಅಡಿಗೆಯವರು ಒಲೆ ಹೂಡುವರು. ಮಧ್ಯಾಹ್ನ ಮರದ ಕೆಳಗೆ ಕಚೇರಿ. ಗೌಡ, ಕುಲಕರ್ಣಿ, ತಕರಾರಿನ ರೈತರು ಎಲ್ಲರೂ ಬಂದು ಕೈಮುಗಿದು ನಿಲ್ಲುವರು. ಸಂಜೆ ಬೇಟೆ, ರಾತ್ರಿ ದೀಪದ ಬೆಳಕಿನಲ್ಲಿ ಬರವಣಿಗೆ. ಈ ಸುಖದ ಬೆಲೆಯನ್ನು ಊರಿನವರು ತೆರುತ್ತಿದ್ದರು. ಸಾಹೇಬನ ಸವಾರಿಗೆ ಹುಲ್ಲು, ಸೌದೆ, ಹಾಲು, ಕೋಳಿ ಒದಗಿಸುವುದು, ಬಿಟ್ಟಿಯಾಗಿ ಹೊರೆ ಹೊರುವುದು ದಕ್ಖನ್ನಿನ ಹಳ್ಳಿಗಳಿಗೆ ರೂಢಿಯಾಗಿದ್ದ ಕಷ್ಟಗಳು. ಹಣ ಕೊಡುವ ಸಾಹೇಬನಿದ್ದರೂ ಅದು ಕೊಂಡವನ ಕೈಗೆ ತಲಪುವವರೆಗೆ ಎಷ್ಟು ಕೈ ದಾಟಬೇಕು!

ಆದರೂ ಈ ಬಟ್ಟೆಯ ಮನೆಗೆ ಒಂದು ಗುಣವಿತ್ತು. ಮೆಲ್ಲಗೆ ಸಾಗುವವನಿಗೆ ನೆಲ ಕಾಣುತ್ತದೆ. ಶಹಾಪುರದ ಸಮೀಪ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲು ಸಾಲಾಗಿ ಹೂಡಿದ ದೊಡ್ಡ ಗುಂಡುಗಳಿವೆ. ದನಕಾಯುವವರು ಅವುಗಳ ಮೇಲೆ ಕುಳಿತು ಬೆಳೆದರು. ಟೇಲರನಾದರೋ ಅವನ್ನು ಅಳೆದನು, ನಕ್ಷೆ ತೆಗೆದನು. ರಾಜನಕೋಳೂರಿನ ಕಲ್ಮನೆಗಳನ್ನು ಹಳ್ಳಿಗರು ಮೋರಿಯರ ಮನೆಗಳೆನ್ನುವರು, ಕುಳ್ಳ ಜನರು ಅಲ್ಲಿ ವಾಸವಾಗಿದ್ದರೆಂಬ ಕಥೆಯೂ ಉಂಟು. ಅವುಗಳಲ್ಲಿ ಕೆಲವಕ್ಕೆ ಒಂದು ಬದಿ ತೆರೆದಿರುವುದನ್ನೂ, ಮುಚ್ಚಿದವುಗಳ ಒಂದು ಬದಿಯ ಚಪ್ಪಡಿಗೆ ದುಂಡಗಿನ ಕಂಡಿ ಕೊರೆದಿರುವುದನ್ನೂ ಟೇಲರ್ ಗುರುತಿಸಿದನು. ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ಎಲುಬುಗಳೂ ಮಡಕೆಗಳೂ ದೊರೆತವು. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1851 ಮತ್ತು 1853ರಲ್ಲಿ ಅವನ ಲೇಖನಗಳು ಅಚ್ಚಾದವು. ಇವು ಐರೋಪ್ಯ ಕೆಲ್ಟರ ಅಥವಾ ಶಕರ ನಂಟಿನವೆಂದು ಅವನು ಮಾಡಿದ ಊಹೆ ಇಂದು ನಿಲ್ಲದು. ಅಳತೆಗಳು ಮಾತ್ರ ನಿಂತಿವೆ. ಒಂದು ಶತಮಾನದ ಮೇಲೆ, 1956ರಲ್ಲಿ, ಆಲ್ಚಿನ್ ಎಂಬ ವಿದ್ವಾಂಸನು ಈ ಕಲ್ಲುಸಾಲುಗಳ ಬಗ್ಗೆ ಮತ್ತೆ ಬರೆದನು.

ಇನ್ನು ಕೆರೆ. ಸುರಪುರದ ಹತ್ತಿರದ ಬೋನಾಳದ ಕೆರೆಯನ್ನು ಹದಿನೇಳನೆಯ ಶತಮಾನದಲ್ಲಿ ಪಾಮನಾಯಕನು ಕಟ್ಟಿಸಿದನೆಂದು ಹೇಳಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮತ್ತೆ ದುರಸ್ತಿ ಕಂಡಿತು. ಕೆರೆ ಒಡೆದ ಊರಿನಿಂದ ಕಂದಾಯ ಬಾರದೆಂಬ ಸರಳ ಲೆಕ್ಕ, ಆ ದಂಡೆಯಲ್ಲಿ ಬೀಡುಬಿಡುವ ಅಧಿಕಾರಿಗೆ ಬೇರೆಯವರು ಕಲಿಸಬೇಕಿರಲಿಲ್ಲ.

ಜೊತೆಗಾರನ ಮಾತು ಬರುವುದು ಇಲ್ಲಿ. ಟೇಲರನ ಹೆಂಡತಿ 1844ರಲ್ಲಿ ತೀರಿಕೊಂಡಳು. ಅನಂತರ ಅವನ ಬಾಳು ಒಂಟಿಯಾಯಿತು. ಆ ಒಂಟಿತನದಲ್ಲಿ ಅವನಿಗೆ ಒದಗಿದ ಜೀವ ಬಾಲಕ ಅರಸ ವೆಂಕಟಪ್ಪನಾಯಕ. ಈ ಹುಡುಗ ಸಾಹೇಬನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಅವನ ಓದು, ಸಂಸ್ಥಾನದ ಲೆಕ್ಕ, ಸಾಲದ ಚುಕ್ತಾ ಎಲ್ಲವೂ ಟೇಲರನ ಕೈಯಲ್ಲಿ. ಪ್ರೀತಿಯಿಂದ ಕರೆಯುವ ಮಗುವಿನ ರಾಜ್ಯದ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡಿರುವವನು ಅಪ್ಪನೋ ಅಧಿಕಾರಿಯೋ? ಟೇಲರನ ಆತ್ಮಚರಿತ್ರೆಯನ್ನು ಓದುವವನು ಈ ಪ್ರಶ್ನೆಯನ್ನು ಕೈಬಿಡಲಾರನು. ನನ್ನ ಮಟ್ಟಿಗೆ ಅವನು ಎರಡೂ ಆಗಿದ್ದನು. ಎರಡನ್ನೂ ಪ್ರಾಮಾಣಿಕವಾಗಿಯೇ ನಡೆಸಿದನು. ದುರಂತದ ಬೀಜವೂ ಅದರಲ್ಲಿಯೇ ಇತ್ತು.

1853ರಲ್ಲಿ ಪ್ರಾಪ್ತವಯಸ್ಕನಾದ ಅರಸನ ಕೈಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೋದನು. ಐದೇ ವರ್ಷಗಳಲ್ಲಿ, 1858ರಲ್ಲಿ, ವೆಂಕಟಪ್ಪನಾಯಕನು ಇಂಗ್ಲಿಷರ ಮೇಲೆ ಎದ್ದನು. ಸೋತು ಹೈದರಾಬಾದಿಗೆ ಹೋದವನು ಅಲ್ಲಿ ಸೆರೆಸಿಕ್ಕಿದನು. ಸೆರೆಮನೆಯಲ್ಲಿ ಅವನನ್ನು ಕಾಣಲು ಬಂದವನು ಅದೇ ‘ಅಪ್ಪ’. ಮರಣದಂಡನೆಯು ಕರಗುತ್ತ ಬಂದು ಕೊನೆಗೆ ನಾಲ್ಕು ವರ್ಷಗಳ ಸೆರೆಯಾಯಿತು. ಮದ್ರಾಸಿನ ಕಡೆಗೆ ಸಾಗಿಸುವಾಗ, ದಾರಿಯ ಬೀಡಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ಇಪ್ಪತ್ತನಾಲ್ಕರ ಅರಸನು ಸತ್ತನು. ತಾನೇ ಹೊಡೆದುಕೊಂಡನೆಂದು ಸರಕಾರದ ಕಾಗದ ಹೇಳುತ್ತದೆ. ಸುರಪುರದ ಜನ ಅದನ್ನು ಸುಲಭವಾಗಿ ನಂಬಿಲ್ಲ. ದಂಗೆಯ ನಂತರ ಕೆಲಕಾಲ ಟೇಲರನೇ ಮತ್ತೆ ಸುರಪುರದ ಆಡಳಿತಕ್ಕೆ ಬಂದನು. 1860ರಲ್ಲಿ ಸಂಸ್ಥಾನವೇ ನಿಜಾಮನಿಗೆ ಕೊಡುಗೆಯಾಗಿ ಹೋಯಿತು.

ಬೋನಾಳದ ಕೆರೆ ಈಗ ಪಕ್ಷಿಧಾಮ. ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬಂದು ನೀರಿನಲ್ಲಿ ಇಳಿಯುತ್ತವೆ. ಸುರಪುರದ ಗುಡ್ಡದ ಮೇಲೆ ಟೇಲರ್ ಕಟ್ಟಿಸಿದ ಮನೆಯು ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಉಳಿದು, ಮುಂದೆ ಸಂಚಾರಕ್ಕೆ ಬಂದ ಅಧಿಕಾರಿಗಳು ತಂಗುವ ಬಂಗಲೆಯಾಯಿತು.