ವರಾಂಡದ ಬಿಳಿ ಗೆರೆ: ಸೇವಾ ಕ್ಲಬ್ಬುಗಳು, ಅತಿಥಿಗಳು ಮತ್ತು ನಮ್ಮ ಶಾಲೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಒಂದು ಗೆರೆ ನೆನಪಿರಬಹುದು. ಮುಖ್ಯೋಪಾಧ್ಯಾಯರ ಕೊಠಡಿಯ ಮುಂದಿನ ವರಾಂಡದ ನೆಲದ ಮೇಲೆ ಎರಡು ಅಡಿ ಉದ್ದಕ್ಕೆ ಬಳಿದಿದ್ದ ಬಿಳಿ ಗೆರೆ. ಹುಡುಗಿಯರು ಅಲ್ಲಿಂದಲೇ ಕುಂಟೆಬಿಲ್ಲೆ ಶುರು ಮಾಡುತ್ತಿದ್ದರು. ಪ್ರಾರ್ಥನೆಗೆ ಸಾಲು ನಿಲ್ಲಿಸಲು ಹಾಕಿದ ಗೆರೆ ಅದು ಎಂದುಕೊಂಡವರೇ ಹೆಚ್ಚು. ನಿಜವಾಗಿ ಅದು ಒಬ್ಬ ಅತಿಥಿ ನಮಗೆ ಬಿಟ್ಟುಹೋದ ಗೆರೆ.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯ ಗೆಳೆಯರು ಕೇಳಿದಾಗ, ಇದೇ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಮೊದಲು ಹೊಳೆದದ್ದು ಆ ಗೆರೆಯೇ. ತಾಲ್ಲೂಕು ಕೇಂದ್ರದ ಸೇವಾ ಕ್ಲಬ್ಬಿನವರು ನಮ್ಮ ಶಾಲೆಗೆ ನೋಟ್‌ಬುಕ್ಕು, ಬೆಂಚು, ಕುಡಿಯುವ ನೀರಿನ ಟ್ಯಾಂಕು ಕೊಟ್ಟದ್ದು ಎಲ್ಲರಿಗೂ ಗೊತ್ತು. ಆದರೆ ಈ ಕ್ಲಬ್ಬುಗಳು ಎಲ್ಲಿ ಹುಟ್ಟಿದವು, ಕಣ್ಣಿಗೂ ಅವುಗಳಿಗೂ ಏನು ನಂಟು ಎಂಬ ಕಥೆಯನ್ನು ನಮ್ಮಲ್ಲಿ ಹೇಳಿದವರು ಕಡಿಮೆ.

ಕಥೆ ಶುರುವಾಗುವುದು ಅಮೆರಿಕದ ಶಿಕಾಗೋ ನಗರದಲ್ಲಿ. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲ ತನ್ನ ಮೂವರು ಪರಿಚಿತರೊಡನೆ ಒಂದು ಕಚೇರಿಯಲ್ಲಿ ಕೂತು ಮಾತಾಡಿದ. ಆ ಮೂವರಲ್ಲಿ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಬಟ್ಟೆ ಹೊಲಿಸುವ ವ್ಯಾಪಾರಿ. ದೊಡ್ಡ ಊರಿನಲ್ಲಿ ಒಂಟಿಯಾದ ಹಳ್ಳಿಗಾಡಿನ ಮನುಷ್ಯನಿಗೆ ನಾಲ್ಕು ಜನ ಸ್ನೇಹಿತರು ಬೇಕು, ವ್ಯವಹಾರವೂ ಒಂದಿಷ್ಟು ಬೆಳೆಯಬೇಕು ಎಂಬುದು ಆರಂಭದ ಉದ್ದೇಶ. ಸಭೆ ಇವತ್ತು ಒಬ್ಬರ ಕಚೇರಿಯಲ್ಲಾದರೆ ಮುಂದಿನ ಬಾರಿ ಇನ್ನೊಬ್ಬರ ಕಚೇರಿಯಲ್ಲಿ. ಹೀಗೆ ಸರದಿಯಂತೆ ಸುತ್ತುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. 1907ರಲ್ಲಿ ಅವರು ಊರಿಗಾಗಿ ಕೈಗೆತ್ತಿಕೊಂಡ ಮೊದಲ ಕೆಲಸ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಇಂದಿಗೂ ಹಳ್ಳಿ ಶಾಲೆಗಳಿಗೆ ಬೇಕಾದ ಮೊದಲ ವಸ್ತು ಅದೇ ಅಲ್ಲವೇ!

ಅದೇ ಶಿಕಾಗೋದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರಸ್ಥ ಮುಂದೆ ನಿಂತು ಲಯನ್ಸ್ ಸಂಸ್ಥೆಯನ್ನು ಕಟ್ಟಿದ. ನಮ್ಮ ದೇಶಕ್ಕೆ ಮೊದಲು ಬಂದದ್ದು ರೋಟರಿ, 1919ರಲ್ಲಿ ಕಲ್ಕತ್ತೆಗೆ. ಬೆಂಗಳೂರಿನಲ್ಲಿ ಅದು 1934ರಲ್ಲಿ ಆರಂಭವಾಯಿತು. ಲಯನ್ಸ್ 1956ರಲ್ಲಿ ಮುಂಬಯಿಯಲ್ಲಿ ಕಾಲಿಟ್ಟಿತು. ನಂತರ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳಲ್ಲಿ ವೈದ್ಯರು, ವಕೀಲರು, ಅಂಗಡಿ ಮಾಲೀಕರು, ಬ್ಯಾಂಕಿನವರು, ಅಧ್ಯಾಪಕರು ಸೇರಿ ಇಂಥ ಕ್ಲಬ್ಬುಗಳನ್ನು ಮಾಡಿಕೊಂಡರು.

ಈ ಕ್ಲಬ್ಬುಗಳ ಸಭೆಗೆ ಒಂದು ಕ್ರಮವಿದೆ. ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಆರಂಭಿಸುತ್ತಾರೆ. ವರದಿ ಓದುತ್ತಾರೆ. ಆಮೇಲೆ ಅತಿಥಿಯ ಪರಿಚಯ, ಅತಿಥಿಯ ಮಾತು, ಪ್ರಶ್ನೆ, ವಂದನಾರ್ಪಣೆ. ಅತಿಥಿ ಕೃಷಿ ಅಧಿಕಾರಿಯಾಗಬಹುದು, ಪೊಲೀಸ್ ಇನ್ಸ್‌ಪೆಕ್ಟರ್ ಆಗಬಹುದು, ಹಾವು ಹಿಡಿಯುವವನೂ ಆಗಬಹುದು. ಹೆಚ್ಚಿನ ಮಾತುಗಳು ಊಟದ ಎಲೆಯ ಜೊತೆಗೇ ಎದ್ದುಹೋಗುತ್ತವೆ. ಆದರೆ ಒಮ್ಮೊಮ್ಮೆ ಒಂದು ಮಾತು ಸಂಸ್ಥೆಯ ದಾರಿಯನ್ನೇ ಬದಲಿಸುತ್ತದೆ. ಅಂಥ ಒಂದು ಮಾತಿನ ದಿನಾಂಕವನ್ನು ಇತಿಹಾಸ ಬರೆದಿಟ್ಟಿದೆ: 1925ರ ಜೂನ್ 30.

ಆ ದಿನ ಅಮೆರಿಕದ ಓಹಿಯೋ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ಲಯನ್ಸ್ ಸಮಾವೇಶ. ಸಂಸ್ಥೆಗೆ ಎಂಟು ವರ್ಷದ ವಯಸ್ಸು. ಅತಿಥಿಯಾಗಿ ಬಂದವರು ಹೆಲೆನ್ ಕೆಲರ್. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡವರು. 1887ರಲ್ಲಿ ಮನೆಗೆ ಬಂದ ಆ್ಯನ್ ಸಲಿವನ್ ಎಂಬ ಶಿಕ್ಷಕಿಯಿಂದ ಅಂಗೈಯಲ್ಲಿ ಅಕ್ಷರ ಕಲಿತು, 1904ರಲ್ಲಿ ಪದವಿ ಪಡೆದವರು. ನಮ್ಮ ಶಾಲೆಯ ಪ್ರತಿ ತಂಡಕ್ಕೂ ಆ ಗುರುಶಿಷ್ಯೆಯರ ಕಥೆಯನ್ನು ಯಾರಾದರೊಬ್ಬ ಮೇಷ್ಟ್ರು ಹೇಳಿಯೇ ಇರುತ್ತಾರೆ. ಆಕೆ ಬಾಯಿ ಬಿಟ್ಟು ಮಾತಾಡಲು ಕಲಿತಿದ್ದರೂ ಸಭೆಗೆ ಅದು ಸುಲಭವಾಗಿ ತಿಳಿಯುತ್ತಿರಲಿಲ್ಲ. ಆಕೆಯ ಭಾಷಣಗಳಲ್ಲಿ ಜೊತೆಗಿದ್ದವರು ಮತ್ತೆ ಬಿಡಿಸಿ ಹೇಳಬೇಕಾಗುತ್ತಿತ್ತು.

ಅಂದಿನ ಭಾಷಣ ಕೆಲವೇ ನಿಮಿಷಗಳದು. ಅವಕಾಶ ಎಂಬುದು ಬಾಗಿಲು ತಟ್ಟಿದೆ, ಆ ಅವಕಾಶ ನಾನೇ ಎಂಬ ಅರ್ಥದಲ್ಲಿ ಆಕೆ ಆರಂಭಿಸಿದರು. ತನ್ನನ್ನು ಹೊಗಳಿ ಎನ್ನಲಿಲ್ಲ, ಅಯ್ಯೋ ಎಂದು ಮರುಗಿ ಎನ್ನಲೂ ಇಲ್ಲ. ತಡೆಯಬಹುದಾದ ಕುರುಡು ಇಲ್ಲವಾಗಬೇಕು, ಕಣ್ಣು ಕಿವಿ ಇಲ್ಲದ ಮಗುವಿಗೂ ವಿದ್ಯೆ ಸಿಗಬೇಕು, ಈ ಕೆಲಸವನ್ನು ನಿಮ್ಮದಾಗಿ ಮಾಡಿಕೊಳ್ಳಿ ಎಂದು ಕೇಳಿದರು. ಕೂತಿದ್ದವರು ಒಪ್ಪಿದರು. ಅಂದಿನಿಂದ ಕಣ್ಣಿನ ಸೇವೆ ಲಯನ್ಸ್ ಸಂಸ್ಥೆಯ ಮುಖ್ಯ ಕೆಲಸವಾಯಿತು. 1930ರಲ್ಲಿ ಪಿಯೋರಿಯಾ ಎಂಬ ಊರಿನ ಲಯನ್ಸ್ ಅಧ್ಯಕ್ಷರೊಬ್ಬರು, ಕುರುಡನೊಬ್ಬ ಕಪ್ಪು ಕೋಲು ಹಿಡಿದು ರಸ್ತೆ ದಾಟಲು ಒದ್ದಾಡುವುದನ್ನು ಕಂಡರು. ವಾಹನದವರಿಗೆ ಎದ್ದು ಕಾಣಲೆಂದು ಅವರ ಕ್ಲಬ್ಬು ಕೋಲಿಗೆ ಬಿಳಿ ಬಣ್ಣ ಬಳಿಯಿಸಿತು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಇಷ್ಟು ದೊಡ್ಡ ಕೆಲಸ ಕೊಟ್ಟ ಆ ಮಹಿಳೆ ಆ ಸಂಸ್ಥೆಯ ಸಾಮಾನ್ಯ ಸದಸ್ಯೆಯಾಗಿ ಸೇರುವಂತಿರಲಿಲ್ಲ. ಲಯನ್ಸ್ ಮಹಿಳೆಯರಿಗೆ ಸದಸ್ಯತ್ವ ತೆರೆದದ್ದು 1987ರಲ್ಲಿ. ರೋಟರಿಯ ವಿಷಯದಲ್ಲಿ ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾಯಿತು, 1989ರಲ್ಲಿ ನಿಯಮ ತಿದ್ದುಪಡಿಯಾಯಿತು. ವೇದಿಕೆಗೆ ಕರೆಯುವುದು ಬೇರೆ, ಪಕ್ಕದ ಕುರ್ಚಿ ಕೊಡುವುದು ಬೇರೆ. ನಮ್ಮ ಶಾಲೆಯ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು.

ನಮ್ಮ ನಾಡಿನಲ್ಲಿ ಕಣ್ಣಿನ ಶಿಬಿರ ಎಂದ ಕೂಡಲೇ ಹಿರಿಯರ ಬಾಯಲ್ಲಿ ಬರುವ ಹೆಸರು ಡಾ. ಎಂ. ಸಿ. ಮೋದಿ ಅವರದು. ಊರೂರಿಗೆ ಹೋಗಿ ಸಾಮೂಹಿಕವಾಗಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದರು. ಅವರು ಹಾಕಿದ ಮಾದರಿಯಲ್ಲಿ ಸಣ್ಣ ಊರುಗಳಲ್ಲೂ ಶಿಬಿರಗಳು ನಡೆದವು. 1976ರಲ್ಲಿ ಕೇಂದ್ರ ಸರಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ವೈದ್ಯರು ಆಸ್ಪತ್ರೆಯಿಂದ, ಜಾಗ ಶಾಲೆಯಿಂದ, ಊಟ ಚಾಪೆ ಔಷಧಿ ಕ್ಲಬ್ಬಿನಿಂದ ಎಂಬ ಹಂಚಿಕೆ ಎಲ್ಲ ಕಡೆ ಇತ್ತು.

ನಮ್ಮ ಶಾಲೆಯಲ್ಲೂ ಹಾಗೆಯೇ ನಡೆಯಿತು. ರಜೆಯಲ್ಲಿ ಎಂಟನೇ ತರಗತಿಯ ಕೊಠಡಿ ವಾರ್ಡು ಆಗುತ್ತಿತ್ತು. ಬೆಂಚುಗಳನ್ನು ಹೊರಗೆ ಹಾಕಿ, ನೆಲಕ್ಕೆ ಚಾಪೆ ಹಾಸಿ, ಅಜ್ಜ ಅಜ್ಜಿಯರನ್ನು ಸಾಲಾಗಿ ಮಲಗಿಸುತ್ತಿದ್ದರು. ಹಿರಿಯ ವಿದ್ಯಾರ್ಥಿಗಳು ನೀರು ಹೊತ್ತರು, ಕೈಹಿಡಿದು ನಡೆಸಿದರು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಒಬ್ಬ ಅಜ್ಜಿ ಎದುರಿಗಿದ್ದ ಮೊಮ್ಮಗನನ್ನು ಬಿಟ್ಟು ಮೊದಲು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದೆ. ಸೋಂಕಿನ ಭಯದಿಂದ ಈಗ ಶಾಲೆಗಳಲ್ಲಿ ಆಪರೇಷನ್ ಮಾಡುವುದಿಲ್ಲ. ಶಿಬಿರದಲ್ಲಿ ತಪಾಸಣೆ ಮಾಡಿ, ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅದೇ ಸರಿಯಾದ ಕ್ರಮ.

ಅಂಥ ಒಂದು ಶಿಬಿರದ ಸಮಾರೋಪಕ್ಕೆ ಕಣ್ಣಿನ ಡಾಕ್ಟರೊಬ್ಬರು ಅತಿಥಿಯಾಗಿದ್ದರು. ಹಾರ ಹಾಕಿಸಿಕೊಂಡು, ಹತ್ತೇ ನಿಮಿಷ ಮಾತಾಡಿ, ನಮ್ಮ ಹೆಡ್‌ಮಾಸ್ಟರ ಕಡೆ ತಿರುಗಿದರು. “ಮೇಷ್ಟ್ರೇ, ಅಜ್ಜಿಯರ ಕಣ್ಣು ನಾವು ನೋಡಿದೆವು. ಮಕ್ಕಳ ಕಣ್ಣು ನೋಡೋರು ಯಾರು? ಅದಕ್ಕೆ ಡಾಕ್ಟರೇ ಬೇಕಿಲ್ಲ, ನೀವೇ ಸಾಕು” ಎಂದರು. ಚೀಲದಿಂದ ಒಂದು ಕಾಗದದ ಪಟ ತೆಗೆದು ಗೋಡೆಗೆ ತಗುಲಿಸಿದರು. ಅದರಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಸಾಲುಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ. ಅಕ್ಷರದ ಬಾಯಿ ಯಾವ ಕಡೆಗಿದೆ ಎಂದು ಮಗು ಕೈಯಲ್ಲಿ ತೋರಿಸಿದರೆ ಸಾಕು. ಅಲ್ಲಿಂದ ಟೇಪು ಹಿಡಿದು ಆರು ಮೀಟರ್ ಅಳೆದು, ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದರು. ಮರುದಿನ ನಮ್ಮ ಜವಾನರು ಅದರ ಮೇಲೆ ಬಿಳಿ ಬಣ್ಣ ಬಳಿದರು.

ಜೂನ್ ತಿಂಗಳಲ್ಲಿ ಮೊದಲ ತಪಾಸಣೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಗೆರೆಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿಕೊಂಡ. ಎರಡನೇ ಸಾಲಿನಾಚೆ ಅವನಿಗೆ ಏನೂ ಕಾಣಲಿಲ್ಲ. ಇನ್ನೊಂದು ಕಣ್ಣೂ ಹಾಗೆಯೇ. ಹಿಂದಿನ ವರ್ಷವೆಲ್ಲ ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದವನು ನಾನು. ಬೋರ್ಡಿನ ಮೇಲಿನ ಇಸವಿಗಳನ್ನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಾನೆಂದು ಎಷ್ಟೋ ಸಲ ಬೈದಿದ್ದೆ, ಒಂದೆರಡು ಸಲ ಬೆತ್ತವನ್ನೂ ಎತ್ತಿದ್ದೆ. ಕನ್ನಡಕ ಬಂದ ಮೇಲೆ ಅವನು ಬರೆದ ಮೊದಲ ಟಿಪ್ಪಣಿಯಲ್ಲಿ ಒಂದು ಇಸವಿಯೂ ತಪ್ಪಿರಲಿಲ್ಲ. ಅವನು ಈ ಸಂಚಿಕೆಯನ್ನು ಓದುತ್ತಾನೆಂದು ನಂಬಿದ್ದೇನೆ. ಅಂದು ಹೇಳದೆ ಉಳಿದದ್ದನ್ನು ಇಂದು ಹೇಳುತ್ತೇನೆ: ತಪ್ಪು ನನ್ನದು ಕಣಪ್ಪಾ.

ಅನೇಕ ವರ್ಷ ಪ್ರತಿ ಜೂನ್‌ನಲ್ಲಿ ಈ ತಪಾಸಣೆ ನಡೆಯಿತು. ಕಡಿಮೆ ಕಾಣುವ ಮಕ್ಕಳ ಪಟ್ಟಿ ಕ್ಲಬ್ಬಿಗೆ ಹೋಗುತ್ತಿತ್ತು, ಕನ್ನಡಕ ಬರುತ್ತಿತ್ತು. ಆಮೇಲೆ ವರಾಂಡಕ್ಕೆ ಹೊಸ ಟೈಲ್ಸ್ ಹಾಕಿಸಿದೆವು. ಗೆರೆ ಮುಚ್ಚಿಹೋಯಿತು. ಪಟ ಬೀರುವಿನ ಮೇಲೆ ಸೇರಿತು. ಮೇಷ್ಟ್ರುಗಳು ವರ್ಗವಾದರು. ಹೀಗೆ ಯಾರೂ ನಿಲ್ಲಿಸಿ ಎನ್ನದೆಯೇ ಒಂದು ಒಳ್ಳೆಯ ಕೆಲಸ ನಿಂತುಹೋಯಿತು. ಆಗ ಕೆಲಸದಲ್ಲಿದ್ದ ನಾನೂ ಕೇಳಲಿಲ್ಲ.

ಈ ಲೇಖನಕ್ಕಾಗಿ ಶಾಲೆಯ ಸಂದರ್ಶಕರ ಪುಸ್ತಕಗಳನ್ನು ತಿರುವಿದೆ. ಪುಟಪುಟವೂ ಹೊಗಳಿಕೆಯೇ: ಶಿಸ್ತು ಚೆನ್ನಾಗಿದೆ, ಮಕ್ಕಳು ಚುರುಕಾಗಿದ್ದಾರೆ, ಉತ್ತರೋತ್ತರ ಅಭಿವೃದ್ಧಿ ಹೊಂದಲಿ. ಕೆಲಸ ಹೇಳಿಹೋದವರು ಬೆರಳೆಣಿಕೆಯಷ್ಟು. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಅತಿಥಿಗಳಾಗಿ ಬರುತ್ತಿದ್ದೀರಿ. ನಿಮ್ಮಲ್ಲಿ ಡಾಕ್ಟರುಗಳಿದ್ದಾರೆ, ಎಂಜಿನಿಯರುಗಳಿದ್ದಾರೆ, ಒಳ್ಳೆಯ ರೈತರಿದ್ದಾರೆ. ಶಾಲು ಹೊದೆಯಿಸಿಕೊಂಡ ಮೇಲೆ ಶಾಲೆ ಮಾಡಬಲ್ಲ ಒಂದು ಕೆಲಸವನ್ನು ಹೇಳಿ, ಪುಸ್ತಕದಲ್ಲಿ ಬರೆದು ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷ ಬಂದಾಗ ಅದು ಏನಾಯಿತೆಂದು ವಿಚಾರಿಸಿ.

ನಾನು ಹೇಳುವ ಕೆಲಸ ಚಿಕ್ಕದು. ಪಟವನ್ನು ಬೀರುವಿನ ಮೇಲಿಂದ ಇಳಿಸಿ ಒರೆಸಿಟ್ಟಿದ್ದೇನೆ. ಸಮಾರಂಭದ ಹಿಂದಿನ ದಿನ ಟೇಪು ಮತ್ತು ಒಂದು ಡಬ್ಬಿ ಬಿಳಿ ಬಣ್ಣ ತರುತ್ತೇನೆ. ಆರು ಮೀಟರ್ ಅಳೆಯುವುದಕ್ಕೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.