ಹುಸಿ ಪವಾಡ, ದಿಟದ ನಡಿಗೆ: ‘ದಿ ಮಿರಾಕಲ್ ಮ್ಯಾನ್’ ಮೂಕಚಿತ್ರದ ಚರಿತ್ರೆ

ಮೂಕಚಿತ್ರಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ಶಾಸನ ಒಡೆದಿದ್ದರೆ ಉಳಿದ ಅಕ್ಷರಗಳಿಂದ ಪಾಠವನ್ನು ಊಹಿಸಬಹುದು. ತಾಳೆಗರಿಯ ಒಂದು ಪ್ರತಿ ಹುಳು ಹಿಡಿದಿದ್ದರೆ ಮತ್ತೊಂದು ಪ್ರತಿಯನ್ನು ಹುಡುಕಬಹುದು. ಚಲನಚಿತ್ರದ ಸುರುಳಿ ಪುಡಿಯಾದ ಮೇಲೆ ಉಳಿಯುವುದು ಅದನ್ನು ಕುರಿತ ಮಾತು ಮಾತ್ರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಡೇವಿಡ್ ಪಿಯರ್ಸ್ ಅವರು ಸಿದ್ಧಪಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಆ ದೇಶದಲ್ಲಿ ತಯಾರಾದ 10,919 ಮೂಕ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ಣವಾಗಿ ಉಳಿದಿರುವುದು ಶೇಕಡ 14ರಷ್ಟು ಮಾತ್ರ. ಉಳಿಯದೆ ಹೋದವುಗಳಲ್ಲಿ, ತನ್ನ ಕಾಲದಲ್ಲಿ ಬಹು ಜನಪ್ರಿಯವಾಗಿದ್ದ, 1919ರಲ್ಲಿ ತೆರೆಕಂಡ ‘ದಿ ಮಿರಾಕಲ್ ಮ್ಯಾನ್’ ಒಂದು. ಎಂಟು ರೀಲುಗಳ ಆ ಚಿತ್ರದಲ್ಲಿ ಇಂದು ನೋಡಲು ಸಿಗುವುದು ಸುಮಾರು ಮೂರು ನಿಮಿಷಗಳ ತುಣುಕು. ಆ ತುಣುಕಿನಲ್ಲಿರುವುದು ಚಿತ್ರದ ಪವಾಡದ ಸನ್ನಿವೇಶವೇ ಎಂಬುದು ಚರಿತ್ರಕಾರನಿಗೆ ಅದೃಷ್ಟವೂ ಹೌದು, ಎಚ್ಚರಿಕೆಯೂ ಹೌದು.

ಚಿತ್ರದ ಮೂಲ ಫ್ರಾಂಕ್ ಎಲ್. ಪ್ಯಾಕರ್ಡ್ ಬರೆದ, 1914ರಲ್ಲಿ ಪುಸ್ತಕರೂಪದಲ್ಲಿ ಬಂದ ಕಾದಂಬರಿ. ಪ್ಯಾಕರ್ಡ್ ಕೆನಡಾದ ಮಾಂಟ್ರಿಯಲ್‌ನವನು. ರೈಲ್ವೆಯಲ್ಲಿ ಎಂಜಿನಿಯರ್ ಆಗಿ ದುಡಿದು, ಬಳಿಕ ರೈಲು ಮತ್ತು ಅಪರಾಧಲೋಕದ ಕಥೆಗಳಿಂದ ಹೆಸರಾದವನು. ಅದೇ ವರ್ಷ ಜಾರ್ಜ್ ಎಂ. ಕೋಹನ್ ಕಾದಂಬರಿಯನ್ನು ನ್ಯೂಯಾರ್ಕಿನ ರಂಗಭೂಮಿಗೆ ತಂದನು. ಐದು ವರ್ಷಗಳ ಬಳಿಕ ನಿರ್ದೇಶಕ ಜಾರ್ಜ್ ಲೋನ್ ಟಕರ್ ಇದನ್ನು ತೆರೆಗೆ ಅಳವಡಿಸಿದನು. ಈತ 1913ರ ‘ಟ್ರಾಫಿಕ್ ಇನ್ ಸೋಲ್ಸ್’ ಮೂಲಕ ನ್ಯೂಯಾರ್ಕಿನಲ್ಲಿ ಹೆಣ್ಣುಮಕ್ಕಳ ಮಾರಾಟದ ಜಾಲವನ್ನು ತೋರಿಸಿ ಪ್ರಸಿದ್ಧನಾದವನು. ಕೆಲವು ವರ್ಷ ಇಂಗ್ಲೆಂಡಿನಲ್ಲಿಯೂ ಚಿತ್ರಗಳನ್ನು ಮಾಡಿದ್ದನು. ಮೂರು ಮಾಧ್ಯಮಗಳ ಈ ಪಯಣದಲ್ಲಿ ಪಾತ್ರಗಳ ಹೆಸರುಗಳು ಬದಲಾದವು. ಕಾದಂಬರಿಯ ಡಾಕ್ ಮ್ಯಾಡಿಸನ್ ತೆರೆಯಲ್ಲಿ ಟಾಮ್ ಬರ್ಕ್ ಆದನು, ಹೆಲೆನಾ ರೋಸ್ ಆದಳು; ಕೈಕಾಲು ತಿರುಚಿಕೊಂಡು ಭಿಕ್ಷೆ ಎತ್ತುವ ‘ಫ್ಲಾಪರ್’ ಎಂಬುವನು ‘ಫ್ರಾಗ್’, ಅಂದರೆ ಕಪ್ಪೆ, ಎಂದು ಕರೆಸಿಕೊಂಡನು. ಹೆಸರು ಬದಲಾದರೂ ಕಥೆಯ ಹಂದರ ಹಾಗೆಯೇ ಉಳಿಯಿತು.

ಆ ಹಂದರ ಹೀಗಿದೆ. ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ನಾಲ್ವರು ವಂಚಕರ ಒಂದು ಗುಂಪು. ನಾಯಕ ಬರ್ಕ್, ಅವನ ಸಂಗಾತಿ ರೋಸ್, ಅಂಗವಿಕಲನಂತೆ ನಟಿಸುವ ಫ್ರಾಗ್, ಮಾದಕವಸ್ತುವಿಗೆ ದಾಸನಾದ ‘ಡೋಪ್’. ದೂರದ ಒಂದು ಹಳ್ಳಿಯಲ್ಲಿ ಕಣ್ಣು, ಕಿವಿ, ಮಾತು ಮೂರೂ ಇಲ್ಲದ ಮುದುಕನೊಬ್ಬ ಪ್ರಾರ್ಥನೆಯ ಬಲದಿಂದ ರೋಗ ವಾಸಿಮಾಡುತ್ತಾನೆಂಬ ಸುದ್ದಿ ಬರ್ಕ್‌ನ ಕಿವಿಗೆ ಬೀಳುತ್ತದೆ. ಜನ ಅವನನ್ನು ‘ಪೇಟ್ರಿಯಾರ್ಕ್’, ಅಂದರೆ ಕುಲವೃದ್ಧ, ಎನ್ನುತ್ತಾರೆ. ಬರ್ಕ್‌ಗೆ ಇದರಲ್ಲಿ ಕಾಣಿಸಿದ್ದು ಬಂಡವಾಳವಿಲ್ಲದ ವ್ಯಾಪಾರ. ರೋಸ್ ಆ ಮುದುಕನ ಕಳೆದುಹೋದ ಬಂಧುವೆಂದು ಹೇಳಿಕೊಂಡು ಮನೆ ಸೇರಬೇಕು; ಫ್ರಾಗ್ ಊರ ಜನರೆದುರು ತೆವಳಿಕೊಂಡು ಹೋಗಿ ‘ವಾಸಿ’ಯಾಗಬೇಕು; ಆಮೇಲೆ ಕಾಣಿಕೆ ಹಣ ತಾನಾಗಿ ಹರಿದುಬರುತ್ತದೆ. ಯೋಜನೆ ಕೈಗೂಡುತ್ತದೆ. ಆದರೆ ಫ್ರಾಗ್ ಎದ್ದುನಿಂತದ್ದನ್ನು ಕಂಡು, ಗುಂಪಿನಲ್ಲಿದ್ದ ನಿಜವಾಗಿಯೂ ಕುಂಟನಾದ ಹುಡುಗನೊಬ್ಬ ಊರುಗೋಲುಗಳನ್ನು ಎಸೆದು ಮುದುಕನತ್ತ ಓಡುತ್ತಾನೆ. ಶ್ರೀಮಂತ ಮನೆತನದ ಕ್ಲೇರ್ ಕಿಂಗ್ ಎಂಬ ಯುವತಿಯೂ ಗಾಲಿಕುರ್ಚಿಯಿಂದ ಏಳುತ್ತಾಳೆ. ಹುಸಿಯಾಗಿ ಆರಂಭವಾದದ್ದು ವಂಚಕರ ಕಣ್ಣೆದುರಿಗೇ ದಿಟವಾಗಿಬಿಡುತ್ತದೆ.

ಈ ಕಥೆಯ ವಿಶೇಷವಿರುವುದು ಇಲ್ಲಿಯೇ. ಕಪಟ ವೈದ್ಯನ ಕಥೆಗಳಲ್ಲಿ ಸಾಮಾನ್ಯವಾಗಿ ಕಪಟ ಬಯಲಾಗುವುದೇ ತಿರುವು. ಇಲ್ಲಿ ಕಪಟ ಬಯಲಾಗುವುದೇ ಇಲ್ಲ. ವಂಚಕರನ್ನು ಹಿಡಿಯಲು ಪೊಲೀಸರಾಗಲಿ ಸಂದೇಹವಾದಿಯಾಗಲಿ ಬರುವುದಿಲ್ಲ. ತಮ್ಮ ಸುಳ್ಳು ಇನ್ನೊಬ್ಬರ ಬದುಕಿನಲ್ಲಿ ಸತ್ಯವಾಗಿ ಪರಿಣಮಿಸಿದ್ದನ್ನು ಕಂಡ ಆಘಾತವೇ ಅವರನ್ನು ತಿದ್ದುತ್ತದೆ. ಫ್ರಾಗ್‌ಗೆ ಹಳ್ಳಿಯ ಒಬ್ಬ ವಿಧವೆಯಲ್ಲಿ ತಾಯಿ ಸಿಗುತ್ತಾಳೆ. ಡೋಪ್ ಚಟ ಬಿಟ್ಟು ಊರಿನ ಹುಡುಗಿಯೊಬ್ಬಳನ್ನು ಮೆಚ್ಚುತ್ತಾನೆ. ರೋಸ್ ಬದಲಾಗುತ್ತಾಳೆ. ಕೊನೆಯವರೆಗೂ ಮಣಿಯದವನು ಬರ್ಕ್ ಒಬ್ಬನೇ. ಕ್ಲೇರಳ ಅಣ್ಣ ರಿಚರ್ಡ್ ಕಿಂಗ್ ರೋಸ್‌ಳನ್ನು ಬಯಸಿದಾಗ ಹುಟ್ಟಿದ ಅಸೂಯೆ ಅವನನ್ನು ಒಡೆಯುತ್ತದೆ. ಅವಳು ಸಿರಿವಂತನನ್ನು ನಿರಾಕರಿಸಿದಳೆಂದು ತಿಳಿದಾಗ ಅವನೂ ಬಾಗುತ್ತಾನೆ. ನಿಜ ಹೇಳಬೇಕೆಂದರೆ ಈ ಪ್ರೇಮಪ್ರಕರಣ ಸಾಮಾನ್ಯ ದರ್ಜೆಯದು. ಕಥೆಯ ಜೀವವಿರುವುದು ಹಳ್ಳಿಯ ಅಂಗಳದಲ್ಲಿ ನಡೆದ ಆ ಕೆಲವು ಕ್ಷಣಗಳಲ್ಲಿ.

ಉಳಿದಿರುವ ತುಣುಕಿನಲ್ಲಿ ನಾವು ಕಾಣುವುದು ಮುಖ್ಯವಾಗಿ ಅದನ್ನೇ. ಫ್ರಾಗ್ ನೆಲದ ಮೇಲೆ ತೆವಳುತ್ತಾನೆ. ದೇಹದ ಕೆಳಭಾಗ ಅವನದಲ್ಲವೆಂಬಂತೆ ಹಿಂದಿನಿಂದ ಎಳೆದುಕೊಂಡು ಬರುತ್ತದೆ. ಬಿಳಿಗಡ್ಡದ ವೃದ್ಧನ ಮುಂದೆ ಅವನ ಕಾಲುಗಳು ಬಿಚ್ಚಿಕೊಳ್ಳುತ್ತವೆ, ತೋಳು ನೇರವಾಗುತ್ತದೆ, ಗಂಟು ಸಡಿಲವಾದ ಹಗ್ಗದಂತೆ ಮೈ ನಿಧಾನವಾಗಿ ಮೇಲೇಳುತ್ತದೆ. ಇದು ನಟನೆಯೊಳಗಿನ ನಟನೆ ಎಂಬುದನ್ನು ಮರೆಯಬಾರದು. ಪ್ರೇಕ್ಷಕನಿಗೆ ಫ್ರಾಗ್ ವಂಚಕನೆಂದು ಮೊದಲೇ ಗೊತ್ತು. ಆದರೂ ಆ ದೇಹ ಏಳುವಾಗ ನೋಡುವವನು ಒಂದು ಕ್ಷಣ ಅದನ್ನು ನಂಬುತ್ತಾನೆ. ಅಷ್ಟರಲ್ಲಿ ಹುಡುಗನ ಊರುಗೋಲು ಬೀಳುತ್ತದೆ. ಮೋಸವೆಂದು ತಿಳಿದೂ ನಂಬಿದ ಪ್ರೇಕ್ಷಕನಿಗೂ ತಿಳಿಯದೆ ನಂಬಿದ ಹುಡುಗನಿಗೂ ನಡುವೆ ಇದ್ದ ಅಂತರವನ್ನು ಟಕರ್ ಹೀಗೆ ಅಳಿಸಿಬಿಡುತ್ತಾನೆ.

ಫ್ರಾಗ್ ಪಾತ್ರವನ್ನು ಮಾಡಿದವನು ಲಾನ್ ಚೇನಿ. ಅಲ್ಲಿಯವರೆಗೆ ಸಣ್ಣಪುಟ್ಟ ಪಾತ್ರಗಳಲ್ಲಿ ದುಡಿಯುತ್ತಿದ್ದ ಈತನಿಗೆ ಹೆಸರು ತಂದುಕೊಟ್ಟದ್ದು ಈ ಚಿತ್ರ. ಬರ್ಕ್ ಆಗಿ ನಟಿಸಿದ ಥಾಮಸ್ ಮೀಯನ್ ಮತ್ತು ರೋಸ್ ಆಗಿ ನಟಿಸಿದ ಬೆಟ್ಟಿ ಕಾಂಪ್ಸನ್ ಅವರ ಭಾಗ್ಯವೂ ಇದರಿಂದಲೇ ತೆರೆಯಿತು. ನಿರ್ದೇಶಕನು ಮೊದಲು ಮೈತಿರುಚುವ ಸರ್ಕಸ್ ಕಲಾವಿದರನ್ನು ಹುಡುಕಿದನೆಂದೂ, ಅವರಿಗೆ ನಟನೆ ಬಾರದ್ದರಿಂದ ತನಗೆ ಅವಕಾಶ ದೊರೆಯಿತೆಂದೂ ಚೇನಿ ಮುಂದೆ ಹೇಳಿಕೊಂಡಿದ್ದುಂಟು. ತಾರೆಯರು ತಮ್ಮ ಬಗ್ಗೆ ಹೇಳುವ ಕಥೆಗಳನ್ನು ಅರ್ಧ ರಿಯಾಯಿತಿಯಲ್ಲಿಯೇ ಕೊಳ್ಳಬೇಕು. ಆದರೆ ಆತನ ಮೈ ಮಾತಾಡಲು ಕಲಿತದ್ದು ಎಲ್ಲಿ ಎಂಬುದಕ್ಕೆ ಹೆಚ್ಚು ಗಟ್ಟಿಯಾದ ಆಧಾರವಿದೆ. 1883ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ಚೇನಿಯ ತಂದೆ ತಾಯಿ ಇಬ್ಬರೂ ಕಿವುಡರು. ಮನೆಯಲ್ಲಿ ಆತನ ಮೊದಲ ಭಾಷೆ ಕೈ ಮತ್ತು ಮುಖದ್ದು. ತಾಯಿಯ ತಂದೆ ಆ ಊರಿನ ಕಿವುಡರ ಶಾಲೆಯ ಸ್ಥಾಪನೆಗೆ ಕಾರಣನಾದವನು.

ಈ ವಿವರ ಜೀವನಚರಿತ್ರೆಯ ಅಲಂಕಾರವಷ್ಟೇ ಅಲ್ಲವೆಂದು ನನ್ನ ಅನಿಸಿಕೆ. ಚಿತ್ರದಲ್ಲಿ ಅಂಗವೈಕಲ್ಯ ಎರಡು ಬಗೆಯಲ್ಲಿ ಬರುತ್ತದೆ. ಹುಡುಗ ಮತ್ತು ಕ್ಲೇರ್ ವಾಸಿಯಾಗುತ್ತಾರೆ. ಅವರನ್ನು ವಾಸಿಮಾಡಿದ ಮುದುಕ ಮಾತ್ರ ಕೊನೆಯುಸಿರಿನವರೆಗೂ ಕುರುಡನಾಗಿ, ಕಿವುಡನಾಗಿ, ಮೂಕನಾಗಿಯೇ ಉಳಿಯುತ್ತಾನೆ. ತನ್ನ ಹೆಸರಿನಲ್ಲಿ ನಡೆದ ಮೋಸವನ್ನು ಅವನು ನೋಡಲಾರ, ಕೇಳಲಾರ. ಇದು ಕಥೆಗಾರನ ಅನುಕೂಲಕ್ಕೆ ಹೂಡಿದ ತಂತ್ರವೆಂಬುದು ಸ್ಪಷ್ಟ. ಆದರೆ ಕಿವುಡ ತಂದೆತಾಯಿಯರ ಮಗನೊಬ್ಬ ಆ ವೃದ್ಧನೆದುರು ಸುಳ್ಳು ವೈಕಲ್ಯವನ್ನು ಅಭಿನಯಿಸಿದಾಗ, ವಾಸಿಯಾಗಬೇಕಾದ ಕೊರತೆ ಯಾವುದು, ಹಾಗೆಯೇ ಬಾಳಬಹುದಾದ ಸ್ಥಿತಿ ಯಾವುದು ಎಂಬ ಪ್ರಶ್ನೆ ಚಿತ್ರ ಉದ್ದೇಶಿಸದಿದ್ದರೂ ಏಳುತ್ತದೆ. ಪವಾಡದ ಕಥೆಗಳು ಎದ್ದು ನಡೆದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಆ ಅಂಗಳಕ್ಕೆ ಬಂದು ಬಂದಂತೆಯೇ ಹಿಂದಿರುಗಿದವರ ಮುಖ ಕಥೆಯ ಹಂದರದಲ್ಲಿ ಎಲ್ಲಿಯೂ ಇಲ್ಲ.

ಚಿತ್ರ ಬಿಡುಗಡೆಯಾದದ್ದು 1919ರ ಆಗಸ್ಟ್‌ನಲ್ಲಿ. ಮಹಾಯುದ್ಧ ನಿಂತು ಒಂದು ವರ್ಷವೂ ತುಂಬಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಮಾರಿ ಮನೆಮನೆಗಳನ್ನು ತೊಳೆದುಹೋಗಿತ್ತು. ಊರುಗೋಲು ಹಿಡಿದು ಮರಳಿದ ಸೈನಿಕರು ಎಲ್ಲ ಪಟ್ಟಣಗಳಲ್ಲಿಯೂ ಇದ್ದರು. ಪ್ರಾರ್ಥನೆಯಿಂದ ರೋಗಶಮನವೆಂಬ ವಿಚಾರ ಅಮೆರಿಕಕ್ಕೆ ಹೊಸದೇನಲ್ಲ. ಮೇರಿ ಬೇಕರ್ ಎಡ್ಡಿ 1879ರಲ್ಲಿಯೇ ಕ್ರಿಶ್ಚಿಯನ್ ಸೈನ್ಸ್ ಪಂಥದ ಚರ್ಚನ್ನು ಸ್ಥಾಪಿಸಿದ್ದಳು. 1918ರ ಕೊನೆಯಲ್ಲಿ ಲಾಸ್ ಏಂಜಲೀಸ್ ತಲುಪಿದ ಏಮೀ ಸೆಂಪಲ್ ಮೆಕ್‌ಫರ್ಸನ್ ಎಂಬ ಬೋಧಕಿ, ರೋಗಶಮನದ ಸಭೆಗಳಿಂದ ಖ್ಯಾತಳಾಗಿ, 1923ರ ಹೊಸವರ್ಷದ ದಿನ ಅಲ್ಲಿ ಏಂಜೆಲಸ್ ಟೆಂಪಲ್ ಎಂಬ ಭಾರಿ ಪ್ರಾರ್ಥನಾಮಂದಿರವನ್ನು ತೆರೆದಳು. ಚಿತ್ರೋದ್ಯಮ ಬೇರೂರುತ್ತಿದ್ದ ನಗರವೂ ಅದೇ. ಇಂತಹ ವಾತಾವರಣದಲ್ಲಿ ಟಕರ್‌ನ ಚಿತ್ರ ಹಾಕಿದ ಹಣವನ್ನು ಹಲವು ಪಟ್ಟು ಮರಳಿ ತಂದದ್ದರಲ್ಲಿ ಸೋಜಿಗವಿಲ್ಲ. ಅದು ಭಕ್ತರಿಗೂ ಸಂದೇಹಿಗಳಿಗೂ ಏಕಕಾಲದಲ್ಲಿ ಸಲ್ಲುವಂತಿತ್ತು. ವಂಚನೆ ಇದೆಯೆಂದವನಿಗೆ ವಂಚನೆಯನ್ನು ತೋರಿಸಿತು. ನಂಬಿದವನಿಗೆ ನಡೆಯುವ ಹುಡುಗನನ್ನು ತೋರಿಸಿತು. ಟಕರ್ ಆ ಯಶಸ್ಸನ್ನು ಬಹುಕಾಲ ಅನುಭವಿಸಲಿಲ್ಲ, 1921ರಲ್ಲಿ ತೀರಿಕೊಂಡನು.

ಕಥೆಯ ಸಂತತಿ ಮುಂದುವರಿಯಿತು. 1932ರಲ್ಲಿ ನಾರ್ಮನ್ ಜೆಡ್. ಮೆಕ್‌ಲಿಯಾಡ್ ಇದನ್ನೇ ಮಾತಿನ ಚಿತ್ರವಾಗಿ ಮಾಡಿದನು. ಸಿಲ್ವಿಯಾ ಸಿಡ್ನಿ ಮತ್ತು ಚೆಸ್ಟರ್ ಮಾರಿಸ್ ನಟಿಸಿದ ಆ ಚಿತ್ರ ಉಳಿದಿದೆ. ಚೇನಿ 1930ರಲ್ಲಿಯೇ ಮರಣ ಹೊಂದಿದ್ದರಿಂದ ಫ್ರಾಗ್‌ನ ಪಾತ್ರ ಜಾನ್ ರೇ ಪಾಲಿಗೆ ಬಂತು. ಕಳೆದುಹೋದ ಮೂಲಚಿತ್ರವನ್ನು ಈ ಮರುನಿರ್ಮಾಣದಿಂದ ಊಹಿಸಿಕೊಳ್ಳುವ ಪರಿಪಾಠವಿದೆ. ಕಥೆಯ ಮಟ್ಟಿಗೆ ಅದು ಸರಿ. ಆದರೆ ಮೂಕಚಿತ್ರದಲ್ಲಿ ಮುದುಕನೊಬ್ಬನೇ ಮೂಕನಲ್ಲ, ಸುತ್ತಲಿನ ಲೋಕವೆಲ್ಲ ಮೂಕ. ಮಾತಿನ ಚಿತ್ರದಲ್ಲಿ ಎಲ್ಲರೂ ಮಾತಾಡುವಾಗ ಅವನೊಬ್ಬನೇ ಮೌನಿ. ಈ ವ್ಯತ್ಯಾಸವನ್ನು ಮರುನಿರ್ಮಾಣದಿಂದ ಅಳೆಯಲಾಗದು. 1931ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ದಿ ಮಿರಾಕಲ್ ವುಮನ್’ ಬೇರೆ ಮೂಲದ್ದು. ಅದರಲ್ಲಿ ಬಾರ್ಬರಾ ಸ್ಟಾನ್‌ವಿಕ್ ಅಭಿನಯಿಸಿದ ಕಪಟ ಬೋಧಕಿ ಕುರುಡನೊಬ್ಬನ ಪ್ರೀತಿಯಿಂದ ತಿದ್ದಿಕೊಳ್ಳುತ್ತಾಳೆ. ಪ್ರಿಯನಿಗೆ ಕಣ್ಣು ಬರುವುದಿಲ್ಲ. 1992ರ ‘ಲೀಪ್ ಆಫ್ ಫೇತ್’ ಚಿತ್ರದಲ್ಲಿ ಊರುಗೋಲು ಬಿಟ್ಟು ನಡೆಯುವ ಹುಡುಗ ಮತ್ತೆ ಬರುತ್ತಾನೆ.

ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರ ‘ದಿ ಗೈಡ್’ (1958) ಕಾದಂಬರಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಪ್ರಭಾವದ ಮಾತನ್ನು ನಾನು ಆಡುತ್ತಿಲ್ಲ. ಕಪಟ ಸನ್ಯಾಸಿಯ ಕಲ್ಪನೆಗಾಗಿ, ರಾವಣನನ್ನೂ ದ್ವಾರಕೆಯ ಅರ್ಜುನನನ್ನೂ ಬಲ್ಲ ನಾಡಿನ ಲೇಖಕರು ಹಾಲಿವುಡ್ಡಿಗೆ ಹೋಗಬೇಕಾಗಿಲ್ಲ. ಹೋಲಿಕೆ ಉಪಯುಕ್ತವಾಗುವುದು ಮುಕ್ತಾಯದಲ್ಲಿ. ಸೆರೆಮನೆಯಿಂದ ಬಂದ ರಾಜು ಹಳ್ಳಿಗರ ನಂಬಿಕೆಯ ಒತ್ತಡಕ್ಕೆ ಸಿಕ್ಕಿ ಮಳೆಗಾಗಿ ಉಪವಾಸ ಕೂಡುತ್ತಾನೆ. ಕೊನೆಯಲ್ಲಿ ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎಂದು ಅವನಿಗೆ ಅನಿಸುತ್ತದೆ. ಮಳೆ ಬಂತೇ, ಅವನು ಬದುಕಿದನೇ ಎಂಬುದನ್ನು ಕಾದಂಬರಿಕಾರರು ಹೇಳುವುದಿಲ್ಲ. ವಿಜಯ್ ಆನಂದ್ ನಿರ್ದೇಶನದ 1965ರ ಹಿಂದಿ ಚಿತ್ರದಲ್ಲಿ ಮಳೆ ಸುರಿಯುತ್ತದೆ. ಚಿತ್ರತಂಡಕ್ಕೆ ಮೈಸೂರಿನ ಸುತ್ತಲಿನ ಸ್ಥಳಗಳನ್ನು ತಾವೇ ತೋರಿಸಿದರೂ ಅವರು ಚಿತ್ರೀಕರಣಕ್ಕೆ ರಾಜಸ್ಥಾನವನ್ನು ಆರಿಸಿಕೊಂಡದ್ದನ್ನು ನಾರಾಯಣ್ ತಮ್ಮ ಪ್ರಬಂಧವೊಂದರಲ್ಲಿ ವ್ಯಂಗ್ಯವಾಗಿ ಬರೆದಿದ್ದಾರೆ. ಕ್ಯಾಮರಾ ಇರುವೆಡೆ ಪವಾಡವನ್ನು ತೋರಿಸದೆ ಬಿಡುವುದು ಕಷ್ಟ. ಪುಟದ ಮೇಲೆ ಅದನ್ನು ಅರ್ಧದಲ್ಲಿ ನಿಲ್ಲಿಸಬಹುದು. ಟಕರ್ ಪವಾಡವನ್ನು ಕಥೆಯ ನಡುವೆಯೇ ಮುಗಿಸಿ, ಅದನ್ನು ಕಂಡವರು ಮುಂದೆ ಏನಾದರೆಂದು ಕೇಳಿದನು. ಆ ‘ಮುಂದೆ’ ಇದ್ದ ರೀಲುಗಳೇ ನಮಗೆ ಇಲ್ಲವಾಗಿವೆ.

ಮೂರು ನಿಮಿಷ ಉಳಿದದ್ದಾದರೂ ಸಂರಕ್ಷಣೆಯ ಕಾಳಜಿಯಿಂದಲ್ಲ. ಪ್ಯಾರಾಮೌಂಟ್ ಸಂಸ್ಥೆ 1931ರಲ್ಲಿ ತನ್ನ ಹಿರಿಮೆಯನ್ನು ಸಾರಲು ‘ದಿ ಹೌಸ್ ದಟ್ ಶ್ಯಾಡೋಸ್ ಬಿಲ್ಟ್’ ಎಂಬ ಪ್ರಚಾರಚಿತ್ರವನ್ನು ತಯಾರಿಸಿತು. 1935ರಲ್ಲಿ ಹಳೆಯ ನೆನಪುಗಳ ಒಂದು ಕಿರುಚಿತ್ರವನ್ನು ಹೊರತಂದಿತು. ಅವೆರಡಕ್ಕೂ ಪವಾಡದ ದೃಶ್ಯವನ್ನು ಕತ್ತರಿಸಿ ತೆಗೆಯಲಾಯಿತು. ಆಯ್ದ ತುಣುಕು ಉಳಿಯಿತು, ಆಯ್ಕೆಯಾಗದ ಚಿತ್ರ ನಾಶವಾಯಿತು. ಹೀಗಾಗಿ ಚೇನಿಯ ಅಭಿನಯದ ಬಗ್ಗೆ ಇಂದು ಬರೆಯುವ ನಾವೆಲ್ಲ, ಜಾಹೀರಾತಿನ ವಿಭಾಗದ ಯಾರೋ ಒಬ್ಬನ ಅಭಿರುಚಿಗೆ ಋಣಿಗಳು. ಮುದುಕನ ಸಾವು ಹೇಗಿತ್ತು, ಬರ್ಕ್ ಮಣಿದ ಗಳಿಗೆಯಲ್ಲಿ ಮೀಯನ್‌ನ ಮುಖದಲ್ಲಿ ಏನಿತ್ತು ಎಂಬುದಕ್ಕೆ ಅಂದಿನ ವಿಮರ್ಶೆಗಳನ್ನೂ ಸ್ತಬ್ಧಚಿತ್ರಗಳನ್ನೂ ನೆಚ್ಚಬೇಕಾಗಿದೆ. ಕನ್ನಡದ ಸಂಶೋಧಕರಿಗೆ ಈ ಸ್ಥಿತಿ ಅಪರಿಚಿತವಲ್ಲ. 1934ರ ಮಾರ್ಚ್‌ನಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಲಭ್ಯವಿಲ್ಲ. ಅದರಿಂದ ಒಂದು ದೃಶ್ಯವನ್ನು ಕತ್ತರಿಸಿ ಬೇರೆಡೆ ಅಂಟಿಸಿಡುವ ಪ್ರಚಾರ ವಿಭಾಗವೂ ಅದರ ಪಾಲಿಗೆ ಒದಗಲಿಲ್ಲ.