ಕೈ ಬದಲಾದ ನಾಯಿಯ ಹೊಟ್ಟೆ: ಒಂದು ಚರಿತ್ರೆ

ಆಶ್ರಯಧಾಮದಿಂದಲೋ ಬೀದಿಯಿಂದಲೋ ಬೇರೊಬ್ಬರ ಮನೆಯಿಂದಲೋ ತಂದ ನಾಯಿ ಮೊದಲ ವಾರದಲ್ಲೇ ವಾಂತಿ ಮಾಡಿಕೊಳ್ಳುವುದು, ತೆಳ್ಳಗೆ ಬೇದಿ ಮಾಡುವುದು ಇಂದಿನ ಪಶುವೈದ್ಯರಿಗೆ ದಿನನಿತ್ಯದ ಸಂಗತಿ. ಹಿಂದಿನ ಮನೆಯಲ್ಲಿ ಅದಕ್ಕೆ ಏನು ಹಾಕುತ್ತಿದ್ದರು ಎಂಬುದು ಅವರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು. ಪ್ರಶ್ನೆ ಸರಳವಾಗಿ ಕಂಡರೂ ಅದರ ಹಿಂದಿರುವ ತಿಳಿವಳಿಕೆ ಹಳೆಯದಲ್ಲ. ಬಹುಕಾಲ ಮನುಷ್ಯ ನಾಯಿಗೆ ಅನ್ನ ಹಾಕುವುದನ್ನು ಅದನ್ನು ತನ್ನದಾಗಿಸಿಕೊಳ್ಳುವ ಉಪಾಯವೆಂದೇ ಎಣಿಸಿದ್ದನು. ಆ ಉಪಾಯವೇ ಹೊಸದಾಗಿ ಬಂದ ಪ್ರಾಣಿಯ ಕರುಳಿಗೆ ಭಾರವಾಗಬಹುದೆಂಬ ವಿಚಾರಕ್ಕೆ ಶರೀರಶಾಸ್ತ್ರದ ಬೆಂಬಲ ದೊರೆತದ್ದು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ.

ರೋಮಿನ ವಿದ್ವಾಂಸ ವಾರೋ ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಕ್ರಿ.ಪೂ. 37ರ ಸುಮಾರಿಗೆ, ಬರೆದ ಬೇಸಾಯದ ಗ್ರಂಥದಲ್ಲಿ ಕುರಿಕಾಯುವ ನಾಯಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಬೇಟೆಗಾರರಿಂದಲೂ ಕಟುಕರಿಂದಲೂ ನಾಯಿಯನ್ನು ಕೊಳ್ಳಬಾರದೆಂದು ಎಚ್ಚರಿಸುವ ಅವನು, ಉಂಬ್ರಿಯಾ ಪ್ರಾಂತದಲ್ಲಿ ಮಂದೆಯೊಡನೆ ಮಾರಾಟವಾದ ನಾಯಿಗಳು ಕೆಲವೇ ದಿನಗಳಲ್ಲಿ ಹೊಸ ಒಡೆಯನನ್ನು ಬಿಟ್ಟು, ಬಹುದಿನಗಳ ಹಾದಿಯನ್ನು ತಾವಾಗಿಯೇ ನಡೆದು, ಹಳೆಯ ಕುರುಬರ ಬಳಿಗೆ ಮರಳಿದ ಸಂಗತಿಯನ್ನು ದಾಖಲಿಸುತ್ತಾನೆ. ಹೀಗಾಗದಂತೆ ನಾಯಿಯನ್ನು ಹಿಡಿದಿಡುವ ಬಗೆಯಾಗಿ ಅವನು ಸೂಚಿಸುವುದು ಹಾಲಿನಲ್ಲಿ ನೆನೆಸಿದ ಬಾರ್ಲಿ ರೊಟ್ಟಿಯನ್ನು. ಆ ರುಚಿ ಹತ್ತಿದ ನಾಯಿ ಮಂದೆಯನ್ನು ಬೇಗನೆ ಬಿಟ್ಟುಹೋಗದು ಎಂಬುದು ಅವನ ತರ್ಕ. ನಾಯಿ ಬೆನ್ನುಬಿಡದೆ ಬರಬೇಕಾದರೆ ಬೇಯಿಸಿದ ಕಪ್ಪೆಯೊಂದನ್ನು ಅದರ ಮುಂದೆ ಎಸೆಯಬೇಕೆಂಬ ಹಳೆಯ ಸಲಹೆಯೂ ಅಲ್ಲಿದೆ. ಹಾಲು, ರೊಟ್ಟಿ, ಕಪ್ಪೆ ಮೂರೂ ಇಲ್ಲಿ ಒಲಿಸಿಕೊಳ್ಳುವ ಸಾಧನಗಳೇ ಹೊರತು, ಅವು ಹೊಟ್ಟೆಗೆ ಒಗ್ಗುವವೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ.

ಭಾರತೀಯ ಪರಂಪರೆಯಲ್ಲಿ ಇದೇ ವಿಷಯ ಪುರಾಣದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಇಂದ್ರನ ಹೆಣ್ಣುನಾಯಿ ಸರಮೆ, ಕದ್ದ ಹಸುಗಳನ್ನು ಹುಡುಕುತ್ತ ಪಣಿಗಳೆಂಬ ಶತ್ರುಗಳ ನೆಲೆಗೆ ಹೋಗುವ ಪ್ರಸಂಗ ಋಗ್ವೇದದಲ್ಲಿದೆ. ವೈದಿಕ ದೇವತೆಗಳ ಕಥೆಗಳನ್ನು ಕಲೆಹಾಕಿದ ‘ಬೃಹದ್ದೇವತಾ’ ಗ್ರಂಥವು ಅದನ್ನು ಮುಂದುವರಿಸಿ, ಸರಮೆ ಪಣಿಗಳ ಹಸುವಿನ ಹಾಲು ಕುಡಿದು ಬಂದು, ಏನನ್ನೂ ಕಾಣಲಿಲ್ಲವೆಂದು ಇಂದ್ರನಿಗೆ ಸುಳ್ಳು ಹೇಳಿದಳೆಂದೂ, ಕೋಪಗೊಂಡ ಅವನು ಒದ್ದಾಗ ಆ ಹಾಲನ್ನು ಕಾರಿಕೊಂಡಳೆಂದೂ ಹೇಳುತ್ತದೆ. ಪರರ ಅನ್ನ ಉಂಡವರ ನಿಷ್ಠೆ ಕೆಡುತ್ತದೆ ಎಂಬ ಭಾವ ಇಲ್ಲಿ ಮುಖ್ಯ. ಆದರೂ ಬಹುತೇಕ ಸಸ್ತನಿಗಳಂತೆ ನಾಯಿಗೂ ಮರಿತನ ಕಳೆದ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ, ಅಂದರೆ ಪಚನಕ್ಕೆ ನೆರವಾಗುವ ರಸಪದಾರ್ಥ, ಕಡಿಮೆಯಾಗುತ್ತದೆ ಎಂಬುದನ್ನು ಬಲ್ಲ ಇಂದಿನ ಓದುಗರಿಗೆ, ಕಥೆಗಾರನು ವಾಂತಿಗೆ ಹಾಲನ್ನೇ ಆರಿಸಿಕೊಂಡದ್ದು ಕುತೂಹಲ ಹುಟ್ಟಿಸದಿರದು.

ಕನ್ನಡ ನಾಡಿನಲ್ಲಿ ಕೈ ಬದಲಾದ ನಾಯಿಯ ಅತ್ಯಂತ ಪ್ರಸಿದ್ಧ ದಾಖಲೆ ಮದ್ದೂರು ಸಮೀಪದ ಆತಕೂರಿನ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಬಳಿಕ, ಗಂಗ ಇಮ್ಮಡಿ ಬೂತುಗನ ಅನುಚರನಾದ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು, ತಾನೂ ಸತ್ತ ಕಾಳಿಗಾಗಿ ಸುಮಾರು 949–50ರಲ್ಲಿ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದು, ಆ ಕಲ್ಲನ್ನು ಪೂಜಿಸದೆ ಊಟ ಮಾಡುವ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಪಾಪ ತಟ್ಟುವುದೆಂದು ಅದರಲ್ಲಿ ಬರೆದಿದೆ. ನಾಯಿ ಸತ್ತ ಮೇಲೆ ಪೂಜಾರಿಯ ಊಟಕ್ಕೂ ನಿಯಮ ಮಾಡಿದ ಶಾಸನವು, ಅರಸನ ಬಳಿಯಿಂದ ಬಂದ ಮೊದಲ ದಿನ ಅದೇ ನಾಯಿ ಏನು ತಿಂದಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಬೇಕೆಂದು ನಿರೀಕ್ಷಿಸುವುದೂ ಸಲ್ಲದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿ ನಾಯಿಗಳಿಗಾಗಿ ‘ಸಾರಮೇಯ ವಿನೋದ’ ಎಂಬ ಭಾಗವನ್ನೇ ಇರಿಸಿತು. ಸಾರಮೇಯ ಎಂದರೆ ಸರಮೆಯ ಸಂತತಿ.

ಹೊಟ್ಟೆ ಕೆಟ್ಟ ಮೇಲಿನ ಉಪಚಾರದಲ್ಲಿ ಹಿಂದಿನವರು ನಂಬಿದ್ದು ಎರಡನ್ನು, ಹುಲ್ಲು ಮತ್ತು ಉಪವಾಸ. ಜಂತುಹುಳು ಬಾಧಿಸಿದ ನಾಯಿ ಹೊಲದ ಪೈರನ್ನು ಮೇಯುತ್ತದೆಂದು ಅರಿಸ್ಟಾಟಲ್ ಹೆಸರಿನ ಪ್ರಾಣಿಚರಿತ್ರೆ ಹೇಳುತ್ತದೆ. ಫ್ರಾನ್ಸಿನ ಗಾಸ್ತೋಂ ಫೇಬುಸ್ 1387ರಲ್ಲಿ ಆರಂಭಿಸಿದ ಬೇಟೆಯ ಗ್ರಂಥವಾಗಲಿ, ಅದನ್ನು ಆಧರಿಸಿ ಯಾರ್ಕಿನ ಡ್ಯೂಕ್ ಎಡ್ವರ್ಡ್ ಇಂಗ್ಲಿಷಿಗೆ ತಂದ ಕೃತಿಯಾಗಲಿ, ಬೇಟೆನಾಯಿಗಳನ್ನು ದಿನವೂ ಹುಲ್ಲುಗಾವಲಿಗೆ ಒಯ್ದು, ಹುಲ್ಲು ತಿಂದು ಹೊಟ್ಟೆ ಶುದ್ಧಿಮಾಡಿಕೊಳ್ಳಲು ಬಿಡುವುದನ್ನು ನಾಯಿಪಾಲಕನ ಕರ್ತವ್ಯವಾಗಿ ಕಂಡಿವೆ. ನಮ್ಮ ಗರಿಕೆಗೆ ಸಸ್ಯಶಾಸ್ತ್ರಜ್ಞರು ಕೊಟ್ಟ ಸೈನೊಡಾನ್ ಎಂಬ ಹೆಸರಿಗೆ ಗ್ರೀಕಿನಲ್ಲಿ ನಾಯಿಹಲ್ಲು ಎಂದರ್ಥ, ಆದರೆ ಅದು ಗಿಡದ ರೂಪದಿಂದ ಬಂದ ಹೆಸರೇ ಹೊರತು ಔಷಧಗುಣದಿಂದಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹುಲ್ಲು ತಿನ್ನುವ ಮೊದಲು ಅಸ್ವಸ್ಥವಾಗಿ ಕಂಡ ನಾಯಿಗಳು ಹತ್ತರಲ್ಲಿ ಒಂದಕ್ಕಿಂತ ಕಡಿಮೆಯಿದ್ದವು, ತಿಂದ ಮೇಲೆ ಆಗಾಗ ವಾಂತಿ ಮಾಡುತ್ತಿದ್ದವು ಸುಮಾರು ನಾಲ್ಕರಲ್ಲಿ ಒಂದು ಭಾಗವಷ್ಟೇ. ಹುಲ್ಲು ಔಷಧವೆಂಬ ಹಳೆಯ ನಂಬಿಕೆಗೆ ಅಷ್ಟರಮಟ್ಟಿಗೆ ಬುಡ ಸಡಿಲವಾಯಿತು. ಉಪವಾಸದ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಹೊಟ್ಟೆಗೆ ವಿಶ್ರಾಂತಿ ಕೊಟ್ಟರೆ ಅದು ತಾನಾಗಿ ಸರಿಹೋಗುತ್ತದೆಂಬ ವಿಚಾರ ಯುರೋಪಿನ ವೈದ್ಯಕ್ಕೂ, ಲಂಘನವೆಂದು ಕರೆಯುವ ಆಯುರ್ವೇದದ ಕ್ರಮಕ್ಕೂ ಸಮಾನವಾದುದರಿಂದ, ಬೇದಿಯಾದ ನಾಯಿಯನ್ನು ಒಂದು ಇಡೀ ದಿನ ಬರಿಹೊಟ್ಟೆಯಲ್ಲಿ ಇರಿಸುವುದು ಇಪ್ಪತ್ತನೆಯ ಶತಮಾನದಲ್ಲಿಯೂ ವಾಡಿಕೆಯಾಗಿ ಉಳಿಯಿತು.

ನಾಯಿಯ ಜೀರ್ಣಕ್ರಿಯೆಯ ನಿಜವಾದ ಅಧ್ಯಯನ ನಡೆದದ್ದು ನಾಯಿಗಾಗಿ ಅಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಇವಾನ್ ಪಾವ್ಲೋವ್, 1904ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಪ್ರಯೋಗಗಳಲ್ಲಿ, ಮಾಂಸ, ರೊಟ್ಟಿ, ಹಾಲು ಇವುಗಳಲ್ಲಿ ಒಂದೊಂದಕ್ಕೂ ನಾಯಿಯ ಜಠರ ಬೇರೆಬೇರೆ ಪ್ರಮಾಣದಲ್ಲಿ, ಬೇರೆಬೇರೆ ಬಲದ ರಸವನ್ನು ಸುರಿಸುತ್ತದೆಂದು ತೋರಿಸಿದನು. ಇದೇ ಪ್ರಯೋಗಾಲಯ ನಾಯಿಗಳ ಜಠರರಸವನ್ನು ಶುದ್ಧೀಕರಿಸಿ, ಅಜೀರ್ಣದಿಂದ ಬಳಲುವ ಮನುಷ್ಯರಿಗೆ ಔಷಧವೆಂದು ಸೀಸೆಗಳಲ್ಲಿ ಮಾರುತ್ತಿತ್ತು ಎಂಬುದು ವೈದ್ಯಕೀಯ ಇತಿಹಾಸದ ವಿಲಕ್ಷಣ ಪುಟಗಳಲ್ಲೊಂದು. ಮನೆ ಬದಲಿಸಿದ ನಾಯಿಯ ವಿಷಯಕ್ಕೆ ಇನ್ನೂ ಹತ್ತಿರವಾದ ಪ್ರಯೋಗವನ್ನು ಬಿಕೆಲ್ ಮತ್ತು ಸಸಾಕಿ ಎಂಬ ಸಂಶೋಧಕರು 1905ರಲ್ಲಿ ಪ್ರಕಟಿಸಿದರು. ನುಂಗಿದ ಆಹಾರ ಹೊಟ್ಟೆ ಸೇರದೆ ಗಂಟಲಿನಿಂದಲೇ ಹೊರಬರುವಂತೆ ಶಸ್ತ್ರಚಿಕಿತ್ಸೆ ಮಾಡಿದ್ದ ನಾಯಿಯೊಂದು, ಶಾಂತವಾಗಿದ್ದಾಗ ತಿಂದ ಬಳಿಕ ಇಪ್ಪತ್ತು ನಿಮಿಷಗಳಲ್ಲಿ 66.7 ಘನ ಸೆಂಟಿಮೀಟರ್ ಜಠರರಸ ಕೊಟ್ಟಿತು. ಬೆಕ್ಕೊಂದನ್ನು ತೋರಿಸಿ ರೇಗಿಸಿ, ಬೆಕ್ಕನ್ನು ಒಯ್ದು, ನಾಯಿಯನ್ನು ಸಂತೈಸಿ ತಿನ್ನಿಸಿದಾಗ, ಅದು ಹಸಿದು ಆಸೆಯಿಂದಲೇ ತಿಂದರೂ, ಅಷ್ಟೇ ಹೊತ್ತಿನಲ್ಲಿ ಬಂದದ್ದು 9 ಘನ ಸೆಂಟಿಮೀಟರ್ ಮಾತ್ರ. ಉದ್ವೇಗ ಕಣ್ಣಿಗೆ ಕಾಣದಂತೆ ಇಳಿದ ಮೇಲೂ ಜಠರದಲ್ಲಿ ಉಳಿದಿರುತ್ತದೆ ಎಂಬ ಈ ಮಾತು, ಬಾಲವಾಡಿಸುತ್ತ ತಟ್ಟೆ ನೆಕ್ಕುವ ಹೊಸ ನಾಯಿ ನೆಮ್ಮದಿಯಾಗಿದೆಯೆಂದು ಭಾವಿಸುವವರಿಗೆ ಬಹುಶಃ ಎಲ್ಲಕ್ಕಿಂತ ಉಪಯುಕ್ತವಾದದ್ದು. ಮನೆ ಬದಲಾದಾಗ ಲೋಳೆ ಕೂಡಿದ ಮಲ ಸ್ವಲ್ಪಸ್ವಲ್ಪವಾಗಿ ಪದೇಪದೇ ಬರುವ ಸ್ಥಿತಿಯನ್ನು ಪಶುವೈದ್ಯರು ಇಂದು ಒತ್ತಡದಿಂದಾದ ದೊಡ್ಡಕರುಳಿನ ಉರಿಯೂತವೆಂದು ಗುರುತಿಸುತ್ತಾರೆ.

ಇಷ್ಟರಲ್ಲಿ ನಾಯಿಯ ಊಟವೇ ವ್ಯಾಪಾರದ ಸರಕಾಗಿ ಬದಲಾಗಿತ್ತು. ಅಮೆರಿಕದಿಂದ ಲಂಡನ್ನಿಗೆ ಸಿಡಿಲುಕಂಬಿ ಮಾರಲು ಬಂದ ಜೇಮ್ಸ್ ಸ್ಪ್ರಾಟ್, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಕಿತ್ತಾಡಿ ತಿನ್ನುವುದನ್ನು ನೋಡಿ, 1860ರ ದಶಕದ ಆರಂಭದಲ್ಲಿ ಗೋಧಿ, ತರಕಾರಿ, ಒಣಮಾಂಸ ಬೆರೆಸಿದ ನಾಯಿ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದನೆಂದು ಪ್ರಸಿದ್ಧವಾಗಿದೆ. 1922ರ ವೇಳೆಗೆ ಅಮೆರಿಕದಲ್ಲಿ ಡಬ್ಬಿಯಲ್ಲಿ ಕುದುರೆ ಮಾಂಸ, ಎರಡನೆಯ ಮಹಾಯುದ್ಧದಲ್ಲಿ ತವರ ಸಿಗದೆ ಮತ್ತೆ ಒಣ ಆಹಾರ, 1957ರಲ್ಲಿ ಯಂತ್ರದಲ್ಲಿ ಉಬ್ಬಿಸಿದ ಕಾಳುಗಳು ಬಂದವು. ಇದರಿಂದ ಪೋಷಣೆ ಸುಧಾರಿಸಿದ್ದು ನಿಜವಾದರೂ, ವರ್ಷವಿಡೀ ಒಂದೇ ಚೀಲದ ಒಂದೇ ಕಾಳನ್ನು ತಿಂದ ನಾಯಿಗೆ ಒಂದು ದಿನ ಹಠಾತ್ತಾಗಿ ಬೇರೆಯದನ್ನು ಹಾಕಿದಾಗ ಆಗುವ ಏರುಪೇರೂ ಅದರೊಡನೆಯೇ ಬಂದಿತೆನ್ನಬೇಕು. ಮುದ್ದೆ, ಜೋಳದ ರೊಟ್ಟಿ, ಮಜ್ಜಿಗೆಯನ್ನ, ಬೀದಿಯ ಕಸ ಎಲ್ಲವನ್ನೂ ಕಂಡ ಹಳ್ಳಿಯ ನಾಯಿಯ ಕಷ್ಟ ಬೇರೆ: ಅದಕ್ಕೆ ಕಾಡುವುದು ಹೊಟ್ಟೆಯ ಹುಳುಗಳು, ಮತ್ತು ಪ್ರೀತಿಯಿಂದ ಒಮ್ಮೆಲೇ ಹಾಕಿದ ಕೊಬ್ಬಿನ ಮಾಂಸ. ಧಾನ್ಯ ಅದಕ್ಕೆ ಅಪರಿಚಿತವಲ್ಲ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುವುದನ್ನು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಬೇಸಾಯದ ಜನರೊಡನೆ ಬಾಳದ ಆಸ್ಟ್ರೇಲಿಯದ ಡಿಂಗೊಗಳಲ್ಲಿ ಅದು ಎರಡೇ ಎಂಬುದು ಆಮೇಲೆ ತಿಳಿಯಿತು.

ಮನೆಗೆ ಬಂದ ಮರಿಯ ಬೇದಿಯನ್ನು ಹಗುರವಾಗಿ ಕಾಣುವ ಕಾಲ 1978ಕ್ಕೆ ಮುಗಿಯಿತು. ಬೆಕ್ಕುಗಳ ರೋಗಾಣುವೊಂದಕ್ಕೆ ಹತ್ತಿರದ ಸಂಬಂಧಿಯಾದ ಪಾರ್ವೊ ವೈರಸ್ ಆ ವರ್ಷ ಹಲವು ಖಂಡಗಳಲ್ಲಿ ಏಕಕಾಲಕ್ಕೆಂಬಂತೆ ಕಾಣಿಸಿಕೊಂಡು, ರಕ್ತಬೇದಿಯಿಂದ ಅಸಂಖ್ಯ ಮರಿಗಳನ್ನು ಕೊಂದಿತು. ಸೋಂಕು ತಗುಲಿದ ಮೂರರಿಂದ ಏಳು ದಿನಗಳಲ್ಲಿ ಅದು ಹೊರಬೀಳುವುದರಿಂದ, ಹಳೆಯ ನೆಲೆಯಲ್ಲಿ ಹತ್ತಿದ ರೋಗ ಹೊಸ ಮನೆಯ ಅನ್ನದ ದೋಷವೆಂಬಂತೆ ಕಾಣುತ್ತದೆ. ಲಸಿಕೆಯಾಗದ ಮರಿ ಮಂಕಾಗಿ ವಾಂತಿಬೇದಿ ಮಾಡಿದರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿಗೆ ಒಯ್ಯುವ ರೂಢಿ ಬಲವಾದದ್ದು ಈ ಕಾರಣದಿಂದ. ಉಪವಾಸದ ಹಳೆಯ ನಂಬಿಕೆ ಅಲುಗಿದ್ದೂ ಇದೇ ರೋಗದ ಮೂಲಕ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾಂತಿ ನಿಲ್ಲುವವರೆಗೆ ಹಸಿದಿರಿಸಿದ ಮರಿಗಳಿಗಿಂತ, ಮೊದಲ ದಿನದಿಂದಲೇ ಮೂಗಿನ ಕೊಳವೆಯಲ್ಲಿ ಆಹಾರ ಪಡೆದ ಪಾರ್ವೊ ಪೀಡಿತ ಮರಿಗಳು ಬೇಗ ಚೇತರಿಸಿಕೊಂಡು ತೂಕವನ್ನೂ ಗಳಿಸಿದವು. ಕರುಳಿನ ಒಳಪದರದ ಜೀವಕೋಶಗಳು ತಮ್ಮ ಪೋಷಣೆಯ ಬಹುಭಾಗವನ್ನು ಹಾದುಹೋಗುವ ಆಹಾರದಿಂದಲೇ ಪಡೆಯುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಈಗಿನ ರೂಢಿಯಲ್ಲಿ, ಲವಲವಿಕೆಯಿಂದಿರುವ ದೊಡ್ಡ ನಾಯಿಯ ಸಾಧಾರಣ ಬೇದಿಗೆ ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಮೆತ್ತಗೆ ಬೇಯಿಸಿದ ಅನ್ನವನ್ನು ಚರ್ಮ ತೆಗೆದ ಕೋಳಿಮಾಂಸದೊಡನೆ ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡುತ್ತಾರೆ, ನೀರನ್ನು ಸದಾ ಎದುರಿಗಿಡುತ್ತಾರೆ. ಆಹಾರ ಬದಲಿಸಬೇಕಾದಲ್ಲಿ ಹಳೆಯದರಲ್ಲಿ ಕಾಲುಭಾಗ ಹೊಸದನ್ನು ಬೆರೆಸಿ ಆರಂಭಿಸಿ, ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಹೊಸದಕ್ಕೆ ತರುತ್ತಾರೆ. ಹಾಲಿನ ಬಟ್ಟಲನ್ನು ಮಾತ್ರ ವೈದ್ಯರು ಬೇಡವೆನ್ನುತ್ತಾರೆ, ಆದರೂ ಹೊಸ ನಾಯಿ ಹೊಸ್ತಿಲು ದಾಟಿದೊಡನೆ ಹಲವು ಮನೆಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಅದೇ. ಕೆಲವು ಆಶ್ರಯಧಾಮಗಳು ನಾಯಿಯನ್ನು ಒಪ್ಪಿಸುವಾಗ ಲಸಿಕೆಯ ಚೀಟಿಯೊಡನೆ ಅದು ಅದುವರೆಗೆ ತಿನ್ನುತ್ತಿದ್ದ ಆಹಾರದ ಒಂದು ಪೊಟ್ಟಣವನ್ನೂ ಕಟ್ಟಿ ಕಳುಹಿಸುತ್ತವೆ.